ಹಿಂಬದಿಗೆ ಹಚ್ಚಿದ ವಿಭೂತಿ

ನಮ್ಮ ಫಿಜಿಕ್ಸ್ ಸರ್ ಹಣೆಯ ಮೂರೆಳೆ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿನಲ್ಲಿ ಕರಗಿ ಕನ್ನಡಕದ ಮೇಲೆ ಇಳಿಯುತ್ತಿತ್ತು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುವರು, ಗಾಜು ಇನ್ನಷ್ಟು ಮಬ್ಬಾಗುವುದು, ಮತ್ತೆ ಒರೆಸುವರು. ಪಾಠ ಮಾತ್ರ ನಿಲ್ಲುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೈದರಾಬಾದಿನಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ತಾನು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ಸರ್‌ಗೆ ಕೊಟ್ಟಿದ್ದ. ಅವರು ಅದಕ್ಕೆ ಲಿನಕ್ಸ್ ಹಾಕಿ, ಅಫಜಲಪುರದ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕ್ಲಾಸು ಶುರು ಮಾಡಿದರು. ಗೋಡೆಯ ಮೇಲೆ ಚಿತ್ರ ಬೀಳಿಸಬೇಕಾದರೆ ಗುಲಬರ್ಗಾದಿಂದ ಪ್ರೊಜೆಕ್ಟರ್ ಎರವಲು ತರಬೇಕು. ಬಸ್ಸಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಲ್ಯಾಪ್‌ಟಾಪ್ ಚಾಲೂ ಆದಮೇಲೆ ತಂತಿ ಸಿಕ್ಕಿಸಿದರೆ ಅದು ಪ್ರೊಜೆಕ್ಟರಿನ ಗುರುತೇ ಹಿಡಿಯುತ್ತಿರಲಿಲ್ಲ. ಹಾಗಾಗಿ ಪ್ರತಿ ಸಲವೂ ನನಗೆ ಅದೇ ಮಾತು: “ಮೊದಲ ತಂತಿ ಜೋಡಸು ತಂಗಿ, ಆಮ್ಯಾಲ ಚಾಲೂ ಮಾಡು.”

ನಮ್ಮಪ್ಪ ಅತನೂರಿನ ರೈತ. ಹುಡುಗಿಗೆ ಆ ಮಷೀನಿನ ಮುಂದೆ ಏನು ಕೆಲಸ ಎಂಬ ಗುಮಾನಿ ಅವನಿಗೆ. ತಾನೇ ಕಣ್ಣಾರೆ ನೋಡುತ್ತೇನೆ, ಮನಸ್ಸಿಗೆ ಬರದಿದ್ದರೆ ಅಂದೇ ಕಾಲೇಜು ಬಿಡಿಸಿ ಊರಿಗೆ ಕರೆದೊಯ್ಯುತ್ತೇನೆ ಎಂದಿದ್ದ. ಅಪ್ಪ ಆಡಿದ ಮಾತಿಗೆ ತಪ್ಪುವವನಲ್ಲ.

ಮಹಾನವಮಿಯ ಖಂಡೆಪೂಜೆ, ಅಂದರೆ ಆಯುಧಪೂಜೆ, ಆಗಿ ಕೆಲವೇ ದಿನವಾಗಿತ್ತು. ನಾವು ಕಲಿತದ್ದನ್ನು ತೋರಿಸಲು ಸರ್ ಪಾಲಕರನ್ನು ಕ್ಲಾಸಿಗೆ ಕರೆಸಿದ್ದರು. ಎಲ್ಲರೂ ಗುಡಿಗೆ ಬಂದವರಂತೆ ಚಪ್ಪಲಿ ಹೊರಗೆ ಬಿಟ್ಟು ಕೂತರು. ನಾನು ಬಿಡಿಸಿದ್ದ ತಾಲೂಕಿನ ನಕಾಶೆ ಗೋಡೆಯ ಮೇಲೆ ಬಿತ್ತು. ಭೀಮಾನದಿ ನೀಲಿಯಾಗಿಯೇ ಇದ್ದಳು. ಬಿಳಿ ಇರಬೇಕಾದಲ್ಲಿ ಹಸಿರುನೀಲಿ ಬಣ್ಣ ತುಂಬಿತ್ತು. ಊರುಗಳಿಗೆ ನಾನಿಟ್ಟ ಕೆಂಪು ಚುಕ್ಕೆಗಳೆಲ್ಲ ಕಪ್ಪಾಗಿದ್ದವು.

“ನಮ್ಮೂರು ಯಾಕ ಸುಟ್ಟಾಂಗ ಕಾಣಾಕತ್ತದ್ರಿ?” ಎಂದ ಅಪ್ಪ.

ಲ್ಯಾಪ್‌ಟಾಪಿನ ಪರದೆಯಲ್ಲಿ ಚುಕ್ಕೆ ಕೆಂಪಾಗಿಯೇ ಇತ್ತು. ಚಿತ್ರದ ಅಳತೆ, ಬಣ್ಣ ಎಲ್ಲವನ್ನೂ ಆಗ ಕಂಪ್ಯೂಟರಿನೊಳಗಿನ ಒಂದು ಫೈಲಿನಲ್ಲಿ ಕೈಯಾರೆ ಟೈಪ್ ಮಾಡಬೇಕಿತ್ತು. ಸರ್ ಅದನ್ನು ತೆರೆದು ಸಾಲುಸಾಲಾಗಿ ನೋಡಿದರು. ತಪ್ಪು ಸಿಗಲಿಲ್ಲ. ಹಿಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ಅಪ್ಪ ಟವೆಲು ಹೆಗಲಿಗೇರಿಸಿದ. ಅವನು ಏಳುವ ಮುಂಚೆ ಹಾಗೆ ಮಾಡುತ್ತಾನೆಂದು ನನಗೆ ಗೊತ್ತಿತ್ತು.

ಸರ್ ಎಲ್ಲ ಆರಿಸಿ, ತಂತಿ ಕಿತ್ತು, ಲ್ಯಾಪ್‌ಟಾಪಿನ ಹಿಂಬದಿಯನ್ನು ಬೆಳಕಿಗೆ ಹಿಡಿದರು. ತಂತಿ ಕೂಡುವ ಸಣ್ಣ ತೂತೊಂದರಲ್ಲಿ ಬಿಳಿಯದೇನೋ ಸುಣ್ಣದಂತೆ ಗಟ್ಟಿಯಾಗಿತ್ತು. ಕಸಬರಿಗೆಯ ಕಡ್ಡಿಯಿಂದ ಮೆಲ್ಲಗೆ ಕೆದರಿದರು, ಊದಿದರು, ತಂತಿ ಜೋಡಿಸಿದರು, ಚಾಲೂ ಮಾಡಿದರು. ಅದು ಏಳಲು ಬಹಳ ಹೊತ್ತು ಬೇಕು. ಸರ್ ನೆಟ್ಟಗೆ ಅಪ್ಪನ ಮುಂದೆ ಬಂದು ನಿಂತರು.

“ಮಷೀನ್ದು ತಪ್ಪಿಲ್ರಿ, ನಿಮ್ಮ ಮಗಳ್ದೂ ಇಲ್ಲ. ಖಂಡೆಪೂಜಿ ದಿನ ನಾನs ಇದಕ್ಕ ಹಸಿ ವಿಭೂತಿ ಹಚ್ಚೀನಿ. ಫಿಜಿಕ್ಸ್ ಮಾಸ್ತರ ಕಂಪ್ಯೂಟರಿಗಿ ಪೂಜಿ ಮಾಡ್ಯಾನಂತ ಮಂದಿ ನಗಬಾರದಂತ ಹಿಂದಿನ ಬಾಜೂಕ ಹಚ್ಚೀನಿ. ಅದು ತೂತಿನಾಗ ಹೋಗಿ ಕುಂತದ, ಕೆಂಪು ಬಣ್ಣ ತಡದದ.”

ಯಾರೂ ನಗಲಿಲ್ಲ. ಗೋಡೆ ಇನ್ನೂ ಖಾಲಿಯೇ ಇತ್ತು. ಅಪ್ಪ ಟವೆಲು ಕೆಳಗಿಳಿಸಿ ತೊಡೆಯ ಮೇಲೆ ಹಾಕಿಕೊಂಡ.

“ಇಷ್ಟು ಮಂದ್ಯಾಗ ತನ್ನ ತಪ್ಪು ತಾನs ಹೇಳೋ ಮಾಸ್ತರನ ಕಡೆ ಮಗಳ್ನ ಬಿಡಾಕ ನನಗ ಅಂಜಿಕಿಲ್ರಿ. ಆದರ ಇನ್ನ ಮ್ಯಾಲ ವಿಭೂತಿ ಹಣಿಗಷ್ಟs ಹಚ್ರಿ, ಸರ್.”

ಆಗ ಎಲ್ಲರೂ ನಕ್ಕರು, ಎಲ್ಲರಿಗಿಂತ ಮೊದಲು ಸರ್. ಅತನೂರು ಗೋಡೆಯ ಮೇಲೆ ಕೆಂಪಗೆ ಮೂಡಿದಾಗ ನಾನು ಅಳುತ್ತಿದ್ದೆ.

ಇಂದು ನಾನೂ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಪ್ರೊಜೆಕ್ಟರಿಗೆ ಜೋಡಿಸುವ ಮುನ್ನ ಕೈ ತಾನಾಗಿ ಲ್ಯಾಪ್‌ಟಾಪನ್ನು ತಿರುಗಿಸುತ್ತದೆ, ಒಮ್ಮೆ ಊದುತ್ತೇನೆ. ಮಕ್ಕಳ ಮುಂದೆ ತಪ್ಪಿದರೆ ತಪ್ಪಿದೆ ಎಂದು ಹೇಳುತ್ತೇನೆ. ಇದನ್ನು ಕಲಿಸಿದವರ ಋಣ ದೊಡ್ಡದು.

ಸರ್ ತೀರಿಹೋದ ಸುದ್ದಿ ಬಂದಾಗ ಮೊದಲ ಬಸ್ಸು ಹಿಡಿದೆ. ಲಿಂಗಾಯತರ ರೂಢಿಯಂತೆ ಅವರ ದೇಹವನ್ನು ಕೂರಿಸಿದ್ದರು, ಕನ್ನಡಕ ತೆಗೆದಿದ್ದರು. ಬಂದವರೆಲ್ಲ ವಿಭೂತಿ ಹಚ್ಚುತ್ತಿದ್ದರು. ನನ್ನ ಸರದಿ ಬಂದಾಗ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಕಣ್ಣೊರೆಸಿಕೊಂಡು, ಅಪ್ಪ ಹೇಳಿದ್ದಂತೆ, ಹಣೆಗೇ ಹಚ್ಚಿದೆ.