ಅತ್ತೆಯ ಸೂಜಿ, ಮಗನ ರಜೆ

ನಮ್ಮ ಯಜಮಾನರಿಗೆ ಕೊರೊನಾ ಲಸಿಕೆ ಹಾಕುವಾಗ ಯಾರೂ ಅವರ ಅಭಿಪ್ರಾಯ ಕೇಳಲಿಲ್ಲ. ಮಿಲಿಟರಿಯವರು ಸಾಲಾಗಿ ನಿಲ್ಲಿಸಿದರು, ತೋಳು ಏರಿಸಿ ಅಂದರು, ಚುಚ್ಚಿದರು, ಮುಂದಿನವನನ್ನು ಕರೆದರು. ಇದನ್ನು ಅವರು ಫೋನಿನಲ್ಲಿ ಹೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಹನಗೋಡಿನ ಹತ್ತಿರದ ನಮ್ಮೂರಿನಲ್ಲಿ ನಾನು ಸಾಲಿಗೆ ನಿಲ್ಲಿಸಬೇಕಾಗಿದ್ದದ್ದು ಒಬ್ಬರನ್ನೇ, ನಮ್ಮ ಅತ್ತೆಯನ್ನು. ಅದು ಒಂದು ಇಡೀ ಬೆಟಾಲಿಯನ್ನಿಗೂ ಆಗದ ಕೆಲಸ.

ಮಗಳು ಹುಟ್ಟಿ ಒಂಬತ್ತು ತಿಂಗಳಾಗಿತ್ತು. ಅವರಪ್ಪ ಅವಳನ್ನು ಫೋನಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಸಿಕ್ಕಿದ ರಜೆ ಎರಡು ಸಲ ರದ್ದಾಗಿತ್ತು. ಈಗ ಮತ್ತೆ ರಜೆ ಸಿಗುವಂತಿದ್ದರೂ ಬರಲು ಅವರೇ ಒಪ್ಪುತ್ತಿರಲಿಲ್ಲ. ಅವರ ಜೊತೆಯ ಸೈನಿಕನೊಬ್ಬ ರಜೆಗೆ ಊರಿಗೆ ಹೋದ ಕೆಲವೇ ದಿನಗಳಲ್ಲಿ ಅವನಪ್ಪ ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು. ರೈಲಿನಲ್ಲಿ ತಾನೇ ಹೊತ್ತು ತಂದೆನೇನೋ ಎಂದು ಆ ಮನುಷ್ಯ ವಾಪಸು ಬಂದ ಮೇಲೂ ಸರಿಯಾಗಿ ಊಟ ಮಾಡುತ್ತಿರಲಿಲ್ಲವಂತೆ.

“ಅವ್ವ ಒಂದು ಡೋಸಾದ್ರೂ ಹಾಕಿಸ್ಕಳ್ಳಿ. ಆಮೇಲೆ ಬತ್ತೀನಿ,” ಅಂದರು ಯಜಮಾನರು.

“ಮೊದ್ಲು ಅವನು ಬರ್ಲಿ. ಬಂದ್ಮೇಲೆ ಆಕಿಸ್ಕತೀನಿ,” ಅಂದರು ಅತ್ತೆ.

ನಡುವೆ ಫೋನು ಹಿಡಿದುಕೊಂಡು ನಾನು.

ಅತ್ತೆ ಕೊಡುತ್ತಿದ್ದ ಕಾರಣ ನಮ್ಮ ಸೀಮೆ ಹಸು. ಸೂಜಿ ಹಾಕಿಸಿಕೊಂಡರೆ ಮೂರು ದಿನ ಕೈ ಎತ್ತಲಾಗುವುದಿಲ್ಲ, ಅದು ಬೇರೆಯವರಿಗೆ ಹಾಲು ಬಿಡುವುದಿಲ್ಲ, ಡೈರಿಗೆ ಏನು ಹಾಕುವುದು, ಕೆಚ್ಚಲು ಬಾತರೆ ಯಾರು ನೋಡುವವರು. ಮಾತೇನೂ ಸುಳ್ಳಲ್ಲ. ನಾನು ಬಕೆಟ್ಟು ಹಿಡಿದು ಹತ್ತಿರ ಹೋದರೆ ಆ ಹಸು ಕಾಲು ಝಾಡಿಸುತ್ತಿತ್ತು. ಆದರೆ ನನಗೂ ಹಟ ಬಂತು. ಒಂದು ಸಂಜೆ ಅತ್ತೆ ಬಿಚ್ಚಿಟ್ಟಿದ್ದ, ಸಗಣಿ ಬೆವರಿನ ವಾಸನೆಯ ಹಳೇ ಸೀರೆಯನ್ನು ನನ್ನ ಸೀರೆಯ ಮೇಲೆಯೇ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು, ಬಾಯಿ ಮುಚ್ಚಿಕೊಂಡು ಹಾಲು ಕರೆಯಲು ಕೂತೆ. ಹಸು ತಿರುಗಿ ಮೂಸಿತು, ಸ್ವಲ್ಪ ಯೋಚಿಸಿತು, ಸುಮ್ಮನಾಯಿತು. ಮೊದಲ ದಿನ ಅರ್ಧ ಲೀಟರ್, ವಾರ ಕಳೆಯುವಷ್ಟರಲ್ಲಿ ಪೂರ್ತಿ ಹಾಲು. ನನ್ನ ಬೆರಳುಗಳು ಮಾತ್ರ ಮಗುವಿನ ಅಂಗಿಯ ಗುಂಡಿ ಹಾಕಲೂ ಬಾರದಷ್ಟು ಬಾತುಕೊಂಡವು.

“ಹಸು ಒಪ್ಕಂಡೈತೆ. ಈಗ ನೀವು ಒಪ್ಕಳಿ,” ಅಂದೆ.

ಹುಲ್ಲು ಹಾಕುತ್ತಿದ್ದ ಅತ್ತೆಯ ಕೈ ನಿಂತಿತು. ಆಮೇಲೆ ನನಗಲ್ಲ, ಹಸುವಿಗೆ ಹೇಳುವಂತೆ ಹೇಳಿದರು: “ಸೂಜಿ ಆಕಿಸ್ಕಂಡು ಎಚ್ಚುಕಮ್ಮಿ ಆದ್ರೆ? ಕೆಳಗಿನ ಬೀದಿ ಅಜ್ಜಿ ಕೊರೊನಾದಲ್ಲಿ ಸತ್ತಾಗ ಮೈಸೂರಲ್ಲಿದ್ದ ಮಗನಿಗೇ ಮುಖ ತೋರಿಸ್ನಿಲ್ಲ. ನನ್ ಮಗ ಅಷ್ಟು ದೂರದಿಂದ ಬರೋಗಂಟ ಮಣ್ಣು ಮಾಡ್ದಂಗೆ ಯಾರು ಮಡೀಕತಾರೆ? ಅವನ್ನ ಒಂದ್ಸಲ ನೋಡ್ಬುಡ್ತೀನಿ. ಆಮ್ಯಾಕೆ ಎಷ್ಟು ಬೇಕಾದ್ರೂ ಚುಚ್ಲಿ.”

ಇಷ್ಟು ದಿನ ಹಸುವಿನ ನೆಪದಲ್ಲಿ ಬಚ್ಚಿಟ್ಟಿದ್ದ ಭಯ ಇದು. ನನಗೆ ನಾಚಿಕೆಯಾಯಿತು. ಇವರನ್ನು ಮೊಂಡು ಮುದುಕಿ ಅಂದುಕೊಂಡಿದ್ದೆ. ತವರಿಗೆ ಫೋನು ಮಾಡಿ ಹಾಗೇ ಹೇಳಿಯೂ ಇದ್ದೆ.

ಭಾನುವಾರ ಯಜಮಾನರ ಫೋನು ಬಂದಾಗ ಅತ್ತೆಯ ಮುಂದೆಯೇ ಎಲ್ಲ ಹೇಳಿದೆ. ಅವರು ಸ್ಪೀಕರ್ ಹಾಕು ಅಂದರು.

“ನಂಗೂ ಅಂಗೇ ಆಗಿತ್ತು ಕಣವ್ವ,” ಅಂದರು. “ಸಾಲಲ್ಲಿ ನಿಂತಿದ್ದಾಗ, ಇಲ್ಲೇನಾರ ಆಗ್ಬುಟ್ರೆ ನಿನ್ ಮುಖ ನೋಡ್ದಂಗೆ ಓಯ್ತೀನಲ್ಲ ಅಂತ ಎದ್ರಿಕಂಡಿದ್ದೆ. ನಿಂಗೆ ಏಳ್ನಿಲ್ಲ ಅಷ್ಟೆ. ಒಂದಿನ ಮೈಕೈ ನೋವಿತ್ತು, ಮಾರನೇ ದಿನ ಡ್ಯೂಟಿ.”

ಅತ್ತೆ ಫೋನನ್ನೇ ನೋಡಿದರು. ಗಡಿ ಕಾಯುವ ಮಗ ಹೆದರಿದ್ದನೆಂಬುದು ಅವರಿಗೆ ಹೊಸ ಸುದ್ದಿ. “ಆವತ್ತು ಊಟ ಮಾಡ್ದಾ?” ಎಂದಷ್ಟೇ ಕೇಳಿದರು. ಫೋನಿಟ್ಟ ಮೇಲೆ, ಸೂಜಿ ಯಾವತ್ತು ಹಾಕುತ್ತಾರೆ ವಿಚಾರಿಸು ಎಂದು ನನಗೆ ಹೇಳಿದರು.

ಆ ವಾರವೇ ಶಾಲೆಯಲ್ಲಿ ಕ್ಯಾಂಪು ಇತ್ತು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಹೋದೆವು. ಹಾಲೂಡಿಸುವ ತಾಯಂದಿರೂ ಹಾಕಿಸಿಕೊಳ್ಳಬಹುದು ಎಂದು ಆಶಾ ಕಾರ್ಯಕರ್ತೆ ಹೇಳಿದ್ದರಿಂದ ಮೊದಲು ನಾನೇ ಕೂತೆ. ಅತ್ತೆ ಆಮೇಲೆ ಕೂತು, ಕಣ್ಣು ಮುಚ್ಚಿ, ಮನೆದೇವರ ಹೆಸರು ಹೇಳಿ ಮುಗಿಸುವುದರೊಳಗೆ ಸಿಸ್ಟರು “ಆಯ್ತು, ಏಳಜ್ಜಿ” ಅಂದರು. “ಇಷ್ಟೇಯಾ?” ಎಂದು ಅತ್ತೆ ಮೋಸ ಹೋದವರಂತೆ ಕೇಳಿದರು.

ಇಷ್ಟಕ್ಕೇ ಮುಗಿಯಲಿಲ್ಲ. ಮಾರನೇ ದಿನ ಅವರಿಗೆ ಜ್ವರ ಏರಿತು, ಹಾಸಿಗೆ ಬಿಟ್ಟು ಏಳಲಿಲ್ಲ. ನನಗೆ ಏನೂ ಆಗಿರಲಿಲ್ಲ, ಅದೇ ಒಂದು ಹಿಂಸೆ. ಜ್ವರದ ಮಾತ್ರೆ ಕೊಟ್ಟೆ, ಒದ್ದೆ ಬಟ್ಟೆಯಲ್ಲಿ ಹಣೆ ಒರೆಸಿದೆ, ಆಶಾ ಕಾರ್ಯಕರ್ತೆಗೆ ನಾಲ್ಕು ಸಲ ಫೋನು ಮಾಡಿ ಬೈಸಿಕೊಂಡೆ. ಬೆನ್ನು ಹತ್ತಿ ಸೂಜಿ ಹಾಕಿಸಿದವಳು ನಾನು. ಏನಾದರೂ ಆದರೆ ಅವರ ಮಗನಿಗೆ ಯಾವ ಬಾಯಲ್ಲಿ ಹೇಳಲಿ ಎಂದು ಕೊಟ್ಟಿಗೆಯಲ್ಲಿ ಕೂತು ಅತ್ತುಬಿಟ್ಟೆ.

ಮೂರನೇ ದಿನ ಮಧ್ಯಾಹ್ನ ಒಳಗಿನಿಂದ ದನಿ ಬಂತು. “ಮುದ್ದೆ ಮಾಡಿದ್ದೀಯಾ, ಇಲ್ಲ ಇವತ್ತೂ ಬರೀ ಗಂಜಿನೇಯಾ?”

ಅಬ್ಬ, ಆ ಸಿಡುಕು ಕೇಳಿ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಉಪ್ಪುಸಾರಿಗೆ ಖಾರ ಅರೆಯುವುದನ್ನು ಅರ್ಧಕ್ಕೇ ಬಿಟ್ಟು ಫೋನು ಮಾಡಿ, “ಟಿಕೆಟ್ ಮಾಡ್ಸಿ” ಅಂದೆ.

ಮೂರು ವಾರದ ಮೇಲೆ ಯಜಮಾನರು ಬಂದರು. ಹುಣಸೂರಿನಿಂದ ಆಟೋದಲ್ಲಿ ಬಂದವರು ಅಂಗಳದಾಚೆಯೇ ಟ್ರಂಕು ಇಳಿಸಿ ನಿಂತರು. ಮುಖಕ್ಕೆ ಮಾಸ್ಕು. ದಾರಿಯಲ್ಲಿ ಟೆಸ್ಟು ಮಾಡಿಸಿ ನೆಗೆಟಿವ್ ಬಂದಿದ್ದರೂ ಒಂದು ವಾರ ಹಿತ್ತಲಿನ ಶೆಡ್ಡಿನಲ್ಲಿ ಮಲಗುತ್ತೇನೆ, ಊಟ ಅಲ್ಲಿಗೇ ಕೊಡಿ ಅಂದರು.

ಅತ್ತೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳ ದಾಟಿದರು. “ಇಷ್ಟೆಲ್ಲ ಆಗಿ ನೀ ಅಲ್ಲೇ ನಿಂತ್ಕಂಡ್ರೆ, ನಾ ಚುಚ್ಚಿಸ್ಕಂಡಿದ್ದು ಯಾಕ್ಲಾ ಮಗ?” ಎಂದು ಮಗನ ಮಾಸ್ಕು ಕೆಳಗೆಳೆದು, ಮಗುವನ್ನು ಅವರ ಕೈಗೆ ಹಾಕಿದರು.

ಗುರುತಿಲ್ಲದ ಕೈಗೆ ಹೋದ ಮಗು ಕಿಟಾರನೆ ಕಿರುಚಿತು. ಯಜಮಾನರು ಗಾಬರಿಯಾಗಿ ಅದನ್ನು ಅವ್ವನಿಗೆ ವಾಪಸು ಕೊಡಲು ಹೋದರು. ಅತ್ತೆ ತಗೊಳ್ಳಲಿಲ್ಲ. ಅವರು ಮಗನ ಮುಖ ನೋಡುವುದರಲ್ಲಿದ್ದರು.