ಏರಿನಲ್ಲಿ ಇಳಿಯದವರು

ಶಿರಾದ ಜಟಕಾ ನಬೀ ಸಾಬರಿಗೆ ಕುದುರೆ ಎಳೆಯದ ಗಾಡಿಗಳೆಂದರೆ ಅಸಹ್ಯ. ಬಸ್ಸು ಕಂಡರೆ ಮುಖ ತಿರುಗಿಸಿ ಉಗಿಯುತ್ತಿದ್ದರು. ಆ ಬಸ್ಸುಗಳೇ ಅವರ ಗಿರಾಕಿಗಳನ್ನೆಲ್ಲ ನುಂಗಿದ್ದವು. ಕಾಯಂ ಆಗಿ ಉಳಿದಿದ್ದವರು ಕಡಲೆಕಾಯಿ ಮಂಡಿಯ ವೃಷಭೇಂದ್ರಪ್ಪ ಒಬ್ಬರೇ. ಅವರೂ ಕೈಬಿಟ್ಟರೆ ಮುದಿ ಕುದುರೆ ಮುನ್ನಿಯನ್ನು ಮಾರಿ ಮನೆಯಲ್ಲಿ ಕೂರಬೇಕಾಗಿತ್ತು.

ಈ ಸೌಕಾರರಿಗೆ ಊಟಿಯ ಬೆಟ್ಟ ಹತ್ತುವ ರೈಲು ನೋಡುವ ಚಪಲ ಹುಟ್ಟಿತು. ಪೆಟ್ಟಿಗೆ, ಬುತ್ತಿ ಹೊರಲು ಆಳು ಬೇಕಲ್ಲ, ನಬೀ ಸಾಬರನ್ನೇ ಕರೆದೊಯ್ದರು. ಮೆಟ್ಟುಪಾಳ್ಯದಲ್ಲಿ ಹತ್ತಿ ಕೂತ ಗಳಿಗೆಯಿಂದ ಸಾಬರು ಮೂಗು ಮುರಿದದ್ದೇ ಮುರಿದದ್ದು. ಇಂಜಿನ್ನು ಮುಂದೆ ನಿಂತು ಎಳೆಯುವ ಮರ್ಯಾದೆಯನ್ನೂ ಬಿಟ್ಟು ಹಿಂದಿನಿಂದ ತಳ್ಳುತ್ತಿತ್ತು. ಬೆಟ್ಟ ಕಡಿದಾದಂತೆ ಹಳಿಗಳ ನಡುವಿನ ಹಲ್ಲುಪಟ್ಟಿ ಕಚ್ಚಿಕೊಂಡು ತೆವಳಿತು. ನಿಂತು ನಿಂತು ನೀರು ಕುಡಿಯಿತು. ಮುನ್ನಿ ಹೀಗೆ ಮಾಡಿದ್ದರೆ ಯಾವ ಗಿರಾಕಿ ಸುಮ್ಮನಿರುತ್ತಿದ್ದ ಎಂದು ಸಾಬರು ಸೌಕಾರರಿಗೆ ಕೇಳುವಂತೆಯೇ ಗೊಣಗಿದರು.

ಆದರೂ ಅದು ಏದುಸಿರು ಬಿಡುವುದನ್ನು ಕೇಳುತ್ತ ಕೂರುವುದು ಅವರಿಂದಾಗಲಿಲ್ಲ. ಏರು ಬಂದರೆ ಜಟಕಾದಿಂದ ಇಳಿದು ನಡೆಯುವುದು ಅವರ ಕಡೆಯ ರೀತಿ. ಕೆರೆ ಏರಿಯ ದಿಬ್ಬದಲ್ಲಿ ಸೌಕಾರರೂ ಇಳಿಯುತ್ತಿದ್ದರು. ಇಲ್ಲಿ ಡಬ್ಬಿ ತುಂಬ ಜನ ಕಿತ್ತಳೆ ಸುಲಿಯುತ್ತ ಕೂತಿದ್ದರು, ಒಬ್ಬನಿಗೂ ಕರುಣೆಯಿಲ್ಲ. ಥೂ, ಎಂಥ ಜನ ಅನ್ನಿಸಿ, ರೈಲು ನೀರಿಗೆ ನಿಂತಲ್ಲಿ ಸಾಬರು ಇಳಿದು ಹಳಿಯ ಪಕ್ಕದಲ್ಲೇ ಮೇಲಕ್ಕೆ ನಡೆಯತೊಡಗಿದರು. ಗಾರ್ಡು ಸೀಟಿ ಊದುತ್ತ ಓಡಿಬಂದು, ತೋಳು ಹಿಡಿದು ತಂದು ಒಳಗೆ ದಬ್ಬಿದ. ಯಾಕೆ ಇಳಿದೆಯೆಂದರೆ, ಇಂಜಿನ್ನಿಗೆ ಭಾರ ಕಡಿಮೆಯಾಗಲಿ ಅಂತ ಎಂದರು. ಡಬ್ಬಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಸೌಕಾರರು ಈ ಮನುಷ್ಯ ಯಾರೋ ಎಂಬಂತೆ ಕಿಟಕಿಯತ್ತ ತಿರುಗಿಬಿಟ್ಟರು.

ಶಿರಾಕ್ಕೆ ಬಂದಿಳಿದ ಮೇಲೆ ಮನೆಗೆ ಮತ್ತೆ ಮುನ್ನಿಯ ಜಟಕಾವೇ. ಕೆರೆ ಏರಿಯ ದಿಬ್ಬ ಬಂತು. ಸೌಕಾರರು ಇಳಿಯಲಿಲ್ಲ.

"ರೈಲ್ನಾಗೆ ಇಳ್ದಿದ್ದು ನೀನೊಬ್ನೇ ಕಣಯ್ಯ. ನಾನ್ಯಾಕೆ ಇಳೀಲಿ?"

ನಬೀ ಸಾಬರು ಲಗಾಮು ಜಗ್ಗಿ ನಿಲ್ಲಿಸಿದರು. "ಅದ್ರ ಹೊಟ್ಟೇಲಿ ಕಲ್ಲಿದ್ಲು ಇತ್ತು ಸೌಕಾರ್ರೆ. ಇವ್ಳ ಹೊಟ್ಟೇಲಿ ಬರೀ ಹುಲ್ಲೈತೆ. ಇಳೀರಿ."

ಹಾಗಾದರೆ ನಾಳೆಯಿಂದ ಬೇರೆ ಗಾಡಿ ನೋಡಿಕೊಳ್ಳುತ್ತೇನೆ ಎಂದರು ಸೌಕಾರರು, ಕೂತಲ್ಲಿಂದ ಅಲುಗದೆ. ಉಳಿದಿದ್ದ ಒಬ್ಬ ಗಿರಾಕಿಯೂ ಹೋದಂತೆಯೇ. ಆದರೆ ಸೌಕಾರರ ಮುಖ ನೋಡಿದರೆ ಕಿತ್ತಳೆ ಸುಲಿಯುತ್ತಿದ್ದವರದ್ದೇ ಮುಖ. ಸಾಬರು ಕೆಳಗಿಳಿದು, ಮುನ್ನಿಯನ್ನು ಗಾಡಿಯಿಂದ ಬಿಚ್ಚಿದರು. ಜಟಕಾ ಮುಂದಕ್ಕೆ ಬಾಗಿ ಮೂಕಿ ನೆಲಕ್ಕೂರಿತು; ಸೌಕಾರರು ಜಾರಿ ಪೆಟ್ಟಿಗೆಯನ್ನು ತಬ್ಬಿಕೊಂಡರು. ಬೇಕಾದರೆ ಆ ಇಂಜಿನ್ನೇ ಬಂದು ಹಿಂದಿನಿಂದ ತಳ್ಳಲಿ ಎಂದುಕೊಂಡು, ಸಾಬರು ಕುದುರೆಯ ಜೊತೆ ದಿಬ್ಬ ಹತ್ತಿ ಹೋದರು.