ಮೋರಿ ಕಾಣದ ನಕ್ಷೆ

ನನ್ನ ಗಂಡ ಇಂದುಶೇಖರ ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ದೆಹಲಿಯ ದ್ವಾರಕಾದ ಫ್ಲ್ಯಾಟಿಗೆ ಕಾಲಿಟ್ಟ ದಿನ ನಾನು ಹಾಲುಕ್ಕಿಸುತ್ತಿದ್ದರೆ, ಇವರು ಬಚ್ಚಲಿಗೆ ಒಂದು ಚೊಂಬು ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆಂದು ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಹೊಟ್ಟೆಪಾಡೂ ಅದೇ. ಕರೋಲ್ ಬಾಗಿನ ಸಣ್ಣ ಕಂಪನಿಯೊಂದರಲ್ಲಿ, ಆಕಾಶದಿಂದ ಅಳೆದ ನೆಲದ ಏರುತಗ್ಗುಗಳನ್ನು ಕಂಪ್ಯೂಟರಿಗೆ ಹಾಕಿ, ಮಳೆನೀರು ಎಲ್ಲಿ ಹರಿಯುತ್ತದೆ, ಎಲ್ಲಿ ಮಣ್ಣು ಕೊಚ್ಚುತ್ತದೆ ಎಂದು ನಕ್ಷೆ ಮಾಡುವುದು.

೨೦೦೪ರ ಬೇಸಿಗೆಯಲ್ಲಿ ಗುಡಗಾಂವದಾಚೆಯ ಒಂದು ಹಳ್ಳದ ಬಯಲಿನ ನಕ್ಷೆ ಮುಗಿಸಿ ಶಹಬಾಸ್ ಎನ್ನಿಸಿಕೊಂಡಿದ್ದರು. ಒಂದು ಭಾನುವಾರ ನಾವಿಬ್ಬರೂ ರೈಲಿನಲ್ಲಿ ಆ ದಾರಿಯಾಗಿ ಹೋಗುವಾಗ, ಕಿಟಕಿಯಿಂದ ಕತ್ತು ಚಾಚಿದವರು ಬಿಳಿಚಿಕೊಂಡರು. ಹಳಿಯ ಏರಿಯ ಅಡಿಯಲ್ಲೊಂದು ಮೋರಿಯಿತ್ತು. ಮೇಲಿನಿಂದ ಅಳೆಯುವ ಯಂತ್ರಕ್ಕೆ ಏರಿ ಗೋಡೆಯಂತೆ ಕಾಣುತ್ತದೆ, ಅಡಿಯ ತೂತು ಕಾಣುವುದಿಲ್ಲ. ಮೋರಿ ಇರುವಲ್ಲೆಲ್ಲ ನಕ್ಷೆಯ ಏರಿಯನ್ನು ಕೈಯಾರೆ ಕತ್ತರಿಸಬೇಕು. ಇದೊಂದನ್ನು ಮರೆತಿದ್ದರು. ನಕ್ಷೆಯಲ್ಲಿ ಖಾಲಿ ಹೊಲದ ಕಡೆ ತಿರುಗಿದ್ದ ನೀರು, ನಿಜದಲ್ಲಿ ಮೋರಿ ದಾಟಿ ಕಟ್ಟಡ ಕೆಲಸದವರ ಗುಡಿಸಲುಗಳಿಗೇ ನುಗ್ಗುವುದಿತ್ತು.

ಮರುದಿನವೇ ತಪ್ಪೊಪ್ಪಿಕೊಂಡು ನಕ್ಷೆ ತಿದ್ದಿದರು. ಗುಡಿಸಲುಗಳ ಮುಂದೆ ತಡೆಗೋಡೆ ಕಟ್ಟಿಸಿ ಎಂದದ್ದಕ್ಕೆ, ನಕ್ಷೆ ಮಾಡಿಸಿದವರಿಂದ "ತಡೆಗೋಡೆ ಮುಂದಿನ ವರ್ಷ ನೋಡೋಣ" ಎಂಬ ಉತ್ತರ ಬಂತು. ಇವರು ಸುಮ್ಮನಿರುವವರೇ? ತಮ್ಮ ಹರಕು ಹಿಂದಿಯಲ್ಲಿ ಅಂಗಲಾಚಿ, ಅಷ್ಟೂ ಜನರನ್ನು ಮೇಲಿನ ದಿಬ್ಬಕ್ಕೆ ಸಾಗಿಸಿ, ಗುಡಾರ ಹಾಕಿಸಿದರು.

ಜುಲೈ ಬಂತು, ಮಳೆ ಬರಲಿಲ್ಲ. ದಿಬ್ಬದ ಮೇಲೆ ನೆರಳಿಲ್ಲ, ಕುಡಿಯಲು ನೀರಿಲ್ಲ. ಅಲ್ಲಿನ ಮೇಸ್ತ್ರಿ ಫೋನ್ ಮಾಡಿ, "ಕಹಾಂ ಹೈ ಆಪ್ಕೀ ನದೀ, ಸಾಬ್?" ಎಲ್ಲಿ ನಿಮ್ಮ ನದಿ ಎಂದು ನಗುತ್ತಿದ್ದ. ಇವರು ಊಟದ ಮಧ್ಯೆ ಎದ್ದು ಬಾಲ್ಕನಿಗೆ, ಬಾಲ್ಕನಿಯಿಂದ ಟೀವಿಯ ಹವಾಮಾನ ವರದಿಗೆ. ನನಗೂ ತಲೆ ಕೆಟ್ಟಿತು.

"ಮಳೆ ಬರಲಿ ಅಂತೀರೋ, ಬೇಡ ಅಂತೀರೋ? ಮೊದಲು ಅದನ್ನ ತೀರ್ಮಾನ ಮಾಡ್ರೀ!" ಎಂದು ರೇಗಿದೆ.

ಆಗಸ್ಟಿನ ಒಂದು ಮಧ್ಯಾಹ್ನ ಮುಗಿಲು ಹರಿದುಕೊಂಡು ಬಿತ್ತು. ಇವರು ನಕ್ಕರು. ಪಂದ್ಯ ಗೆದ್ದವರ ನಗು ಅದು. ನೋಡಿ ನನಗೆ ಮೈ ಉರಿಯಿತು. ನನ್ನ ಮುಖ ಕಂಡದ್ದೇ ತಡ, ಚಪ್ಪಲಿ ಸಿಕ್ಕಿಸಿಕೊಂಡು ಓಡಿದರು.

ಮರುದಿನ ಸೊಂಟದವರೆಗೆ ಕೆಸರು ಮೆತ್ತಿಕೊಂಡು ಬಂದರು. ಗುಡಿಸಲು ಒಂದೂ ಉಳಿದಿರಲಿಲ್ಲ. ಜನರೆಲ್ಲ ದಿಬ್ಬದ ಮೇಲೆ ಕ್ಷೇಮವಾಗಿದ್ದರು. ನಾನು ಕೈಮುಗಿದು ದೇವರ ಮುಂದೆ ದೀಪ ಹಚ್ಚಿದೆ. ಇವರು ಒಳಗೇ ಬರಲಿಲ್ಲ.

"ಇದ್ದೊಂದು ಗುಡಿಸಲನ್ನೂ ಕಳಕೊಂಡ ಹೆಂಗಸು ನನ್ನ ಕಾಲು ಮುಟ್ಟಿದಳು, ಸುಶೀಲಾ," ಎಂದರು. "ಮಳೆ ಬರಲಿ ಅಂತ ನಾನು ದಿನಾ ಕಾಯ್ತಿದ್ದೆ. ಅದನ್ನ ಅವಳಿಗೆ ಹೇಗೆ ಹೇಳಲಿ?"